ಬಿದ್ದ ಕೊಂಬೆಯ ನಿಲುವು

ಅಶ್ವಿನಿ, ಭರಣಿ ಮಳೆಗಳು ಬೆಂಗಳೂರಿಗೆ ಮೊದಲು ಕಳಿಸುವುದು ಗಾಳಿಯನ್ನು. ಏಪ್ರಿಲ್ ಕೊನೆ, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸೆಕೆ ಕುದಿದು, ಸಂಜೆ ಹೊತ್ತಿಗೆ ಕೆ.ಆರ್. ಪುರದ ಕಡೆ ಆಕಾಶ ಕಪ್ಪಿಟ್ಟಿತೆಂದರೆ ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಕಾರು ನಿಲ್ಲಿಸಿದವರೆಲ್ಲ ತಲೆಯೆತ್ತಿ ಮರ ನೋಡುತ್ತಾರೆ. ಹತ್ತು ನಿಮಿಷದ ಬಿರುಗಾಳಿ ಸಾಕು. ಎಲ್ಲೋ ಲಟಲಟ ಸದ್ದು, ಅದರ ಹಿಂದೆಯೇ ನೆಲ ನಡುಗುವಂತೆ ಧೊಪ್ಪೆಂದು ಬೀಳುವ ಸದ್ದು, ಬೀದಿಗೆ ಬೀದಿಯೇ ಕರೆಂಟು ಹೋಗುತ್ತದೆ. ಮರುದಿನ ಬೆಳಿಗ್ಗೆ ಪಾಲಿಕೆಯ ಮರ ತೆರವಿನ ತಂಡ ಗರಗಸ ಹಿಡಿದು ಬರುತ್ತದೆ. ಮೊದಲು ಸೊಪ್ಪು, ಆಮೇಲೆ ರೆಂಬೆ, ಆಮೇಲೆ ದಪ್ಪ ಕೊಂಬೆ, ಎಲ್ಲವೂ ಗಾಡಿಯ ಅಗಲಕ್ಕೆ ಹೊಂದುವ ತುಂಡುಗಳಾಗಿ ಮೇಲೇರುತ್ತವೆ. ಹತ್ತಾರು ವರ್ಷ ಬಿಸಿಲು ಹುಡುಕುತ್ತ ಬೆಳೆದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಸೌದೆ. ಬೀಳುವುದಕ್ಕೂ ಸೌದೆಯಾಗುವುದಕ್ಕೂ ನಡುವೆ ಇರುವ ಆ ಸ್ವಲ್ಪ ಹೊತ್ತಿನ ಬಗ್ಗೆ ನನಗೆ ಹೇಳುವುದಿದೆ.

2024ರ ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯ ಲೆಕ್ಕದಲ್ಲಿ ಅದು 133 ವರ್ಷಗಳ ದಾಖಲೆ. ಊರಿನ ತುಂಬ ಮರ, ಕೊಂಬೆ ಉರುಳಿದವು. ನಮ್ಮ ಬೀದಿ ತುದಿಯ ಮಳೆಮರದ್ದೂ ಒಂದು ಕೊಂಬೆ ರಸ್ತೆಗೆ ಅಡ್ಡ ಬಿತ್ತು. ಗರಗಸದವರನ್ನು ಕೇಳಿಕೊಂಡು ಅದರ ಕವಲಿನ ಭಾಗವನ್ನು ತೋಟಕ್ಕೆ ತಂದು ನಿಲ್ಲಿಸಿದೆ. ಕೆತ್ತಲಿಲ್ಲ, ಉಜ್ಜಲಿಲ್ಲ, ವಾರ್ನಿಷ್ ಬಳಿಯಲಿಲ್ಲ. ಆಳೆತ್ತರದ ಆ ಕವಲು ಈಗ ನಮ್ಮ ಕಾಂಪೌಂಡಿನ ಮೂಲೆಯಲ್ಲಿದೆ, ಮತ್ತು ಅದನ್ನು ಶಿಲ್ಪವೆಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಶಿಲ್ಪ ಎಂದರೆ ಯಾರೋ ಮಾಡಿದ್ದು ತಾನೆ, ಇದನ್ನು ಮಾಡಿದವರು ಯಾರು ಎಂದು ಕೇಳುವವರಿದ್ದಾರೆ. ಕೊಯ್ದ ಬುಡವನ್ನು ಹತ್ತಿರದಿಂದ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೆಟ್ಟಗೆ ನಿಂತ ಕಾಂಡವಾದರೆ ಅದರ ತಿರುಳಿನ ಚುಕ್ಕೆ ಹೆಚ್ಚುಕಡಿಮೆ ನಡುವಿನಲ್ಲಿರುತ್ತದೆ. ಅಡ್ಡ ಚಾಚಿದ ಕೊಂಬೆಯಲ್ಲಿ ಹಾಗಲ್ಲ. ತನ್ನ ಭಾರಕ್ಕೆ ತಾನೇ ಕೆಳಗೆ ಜೋತುಬೀಳದಂತೆ ಕೊಂಬೆ ಮೇಲುಗಡೆಗೆ ಹೆಚ್ಚು ಕಟ್ಟಿಗೆ ಬೆಳೆಸಿಕೊಳ್ಳುತ್ತದೆ, ಹಗ್ಗ ಕಟ್ಟಿ ಮೇಲಕ್ಕೆ ಎಳೆದು ಹಿಡಿದ ಹಾಗೆ. ಅಗಲ ಎಲೆಯ ಮರಗಳ ರೀತಿಯೇ ಅದು. ಹಾಗಾಗಿ ನಮ್ಮ ಕವಲಿನ ಬುಡ ದುಂಡಗಿಲ್ಲ, ಮೊಟ್ಟೆಯಾಕಾರ. ತಿರುಳು ನಡುವಿನಿಂದ ಸರಿದು ಒಂದು ಅಂಚಿಗೆ ಬಂದಿದೆ. ಆ ಕೊಂಬೆ ಎಷ್ಟು ಭಾರ ಹೊತ್ತಿತ್ತು, ಯಾವ ದಿಕ್ಕಿಗೆ ಹೊತ್ತಿತ್ತು ಎಂಬುದೆಲ್ಲ ಆ ಓರೆಯಲ್ಲಿದೆ.

ಉಳಿದರ್ಧ ಬೀದಿಯದು. ಕವಲಿನ ಎಡ ತೋಳಿನಲ್ಲಿ ಒಂದು ಕಡೆ ಮೊಣಕೈಯಷ್ಟು ದಪ್ಪದ ಗಂಟಿದೆ. ವಿದ್ಯುತ್ ತಂತಿಗೆ ತಾಗುತ್ತದೆಂದು ಯಾವಾಗಲೋ ಒಂದು ರೆಂಬೆಯನ್ನು ಅಲ್ಲಿ ಕತ್ತರಿಸಿದ್ದಾರೆ. ಗಾಯದ ಸುತ್ತ ಮರ ತುಟಿ ಬೆಳೆಸಿ, ಅದು ವರ್ಷ ವರ್ಷಕ್ಕೆ ದಪ್ಪವಾಗುತ್ತ ಒಳಗೆ ಸರಿದು ಗಾಯವನ್ನು ಮುಚ್ಚುತ್ತ ಬಂದಿದೆ. ಪೂರ್ತಿ ಮುಚ್ಚಿಲ್ಲ, ನಡುವೆ ಹೆಬ್ಬೆರಳು ತೂರುವಷ್ಟು ಕಂಡಿ ಉಳಿದಿದೆ. ಅದರ ಸ್ವಲ್ಪ ಮೇಲೆ ತಂತಿಯ ಎರಡು ತುದಿ ಹೊರಗೆ ಇಣುಕುತ್ತವೆ, ನಡುವಿನ ಭಾಗ ಕಟ್ಟಿಗೆಯೊಳಗೆ ಹೂತುಹೋಗಿದೆ. ಬ್ಯಾನರ್ ಕಟ್ಟಿದ್ದೋ ಕೇಬಲ್ಲು ಬಿಗಿದದ್ದೋ, ಬಿಚ್ಚುವವರಿಲ್ಲದೆ ಉಳಿದ ತಂತಿಯನ್ನು ಮರ ನುಂಗಿ ಮುಂದೆ ಬೆಳೆದಿದೆ. ವಿದ್ಯುತ್ ತಂತಿಗೆ ಹೆದರಿ ಬೇರೆ ಕಡೆ ತಿರುಗಿಕೊಂಡ ಬಲ ತೋಳು ಮಾತ್ರ ನಯವಾಗಿ, ಒಂದೇ ಉಸಿರಿನಲ್ಲಿ ಎದ್ದಂತೆ ಮೇಲೆ ಹೋಗಿದೆ. ಒಬ್ಬ ಶಿಲ್ಪಿ ಕೂತು ಯೋಚಿಸಿದ್ದರೆ ಎರಡು ತೋಳಿಗೆ ಇಷ್ಟು ಬೇರೆ ಬೇರೆ ಬಾಳು ಕೊಡುತ್ತಿದ್ದನೋ ಇಲ್ಲವೋ.

ಬೆಂಗಳೂರಿನ ಪೂರ್ವ ಭಾಗದ ಬೀದಿಗಳಲ್ಲಿ ಒಂದೊಂದು ಮರಕ್ಕೆ ಒಂದೊಂದು ಬಗೆಯ ಕೊಂಬೆ. ಮಳೆಮರ ದಕ್ಷಿಣ ಅಮೆರಿಕದ ಕಡೆಯದು, ಗುಲ್‌ಮೊಹರ್ ಮಡಗಾಸ್ಕರಿನದು. ಎರಡೂ ಇಲ್ಲಿ ಇಷ್ಟು ಊರಿಕೊಂಡಿವೆ ಎಂದರೆ ದಂಡಿನ ಹಳೇ ರಸ್ತೆಗಳನ್ನು ಅವಿಲ್ಲದೆ ನೆನೆಸಿಕೊಳ್ಳಲಾಗುವುದಿಲ್ಲ. ಒಂದಾದ ಮೇಲೊಂದು ಮರ ಹೂಬಿಟ್ಟು ಊರಿನಲ್ಲಿ ವರ್ಷವಿಡೀ ಬಣ್ಣವಿರಬೇಕೆಂದು ಯೋಚಿಸಿದವರು 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಊರಿನ ತುಂಬ ಸುಮಾರು 15 ಲಕ್ಷ ಸಸಿ ನೆಡಿಸಿದರು. ಹೊಸ ಬಡಾವಣೆಗಳಿಗೆ ನೆರಳು ಬಂದದ್ದು ಆ ಕಾಲದಲ್ಲಿ. ಈಗ ಆ ಮರಗಳಿಗೆ ನಡುವಯಸ್ಸು. ಬುಡದವರೆಗೆ ಕಾಂಕ್ರೀಟು, ಚರಂಡಿ ಅಗೆತಕ್ಕೆ ಕತ್ತರಿಸಿದ ಬೇರು, ತಂತಿಯ ಕಡೆಗೆ ಮಾತ್ರ ಸವರಿ ಒಂದೇ ಮಗ್ಗುಲಿಗೆ ವಾಲಿದ ತಲೆ. ಇಷ್ಟೆಲ್ಲದರ ಮೇಲೆ ನೀರು ಕುಡಿದ ಸೊಪ್ಪಿನ ಭಾರ ಸೇರಿದಾಗ ಕೊಂಬೆ ಮುರಿಯುತ್ತದೆ. ಗಾಳಿಯನ್ನೊಂದೇ ದೂರುವುದು ನ್ಯಾಯವಲ್ಲ.

ಗುಲ್‌ಮೊಹರ್ ಕೊಂಬೆ ನೋಡಲು ಚೆಂದ, ಬಾಳಿಕೆ ಕಡಿಮೆ. ಕಟ್ಟಿಗೆ ಮೆತು, ಬೇಗ ಹುಳ ಹಿಡಿಯುತ್ತದೆ. ಆಕಾಶಮಲ್ಲಿಗೆಯ ಕೊಂಬೆಯೂ ಹಗುರವಾಗಿ ಮುರಿಯುವಂಥದ್ದೇ, ಆದರೆ ಅದರ ತೊಗಟೆಯನ್ನು ಬಲ್ಲವರು ಬಿಡುವುದಿಲ್ಲ. ಬಿರಡೆಯಂತೆ ಮೆತ್ತಗಿರುವ, ಉದ್ದುದ್ದಕ್ಕೆ ಆಳವಾಗಿ ಬಿರಿದ ತೊಗಟೆ ಅದು. ಮಳೆ ಬಂದಾಗ ಕಪ್ಪಗೆ, ಒಣಗಿದಾಗ ಬೂದಿಬಣ್ಣಕ್ಕೆ ತಿರುಗುತ್ತದೆ. ಸೀಬೆಯ ಕೊಂಬೆ ಸಣ್ಣದಾದರೂ ತೊಗಟೆ ಸುಲಿದು ಹೊಳೆಯುತ್ತದೆ, ಕುಂಡದ ನಡುವೆ ನಿಲ್ಲಿಸಲು ಹೇಳಿ ಮಾಡಿಸಿದ್ದು. ದೇವಕಣಗಿಲೆಯನ್ನು ಮಾತ್ರ ಶಿಲ್ಪ ಮಾಡಲಾಗದು, ಮಣ್ಣು ತಾಗಿದರೆ ಸಾಕು, ಚಿಗುರಿ ಮತ್ತೆ ಮರವಾಗಲು ಹೊರಡುತ್ತದೆ. ಹೊಂಗೆಯ ಕೊಂಬೆ ಸಿಕ್ಕರೆ ಬದನಿಕೆ ಅಂಟಿದ ಜಾಗ ಹುಡುಕಬೇಕು. ಬದನಿಕೆ ಬೇರೂರಿದಲ್ಲಿ ಆಶ್ರಯ ಕೊಟ್ಟ ಕೊಂಬೆ ಉಬ್ಬಿ ಗಡ್ಡೆಗಟ್ಟಿರುತ್ತದೆ. ಬದನಿಕೆ ಸತ್ತು ಉದುರಿದ ಮೇಲೆ ಆ ಗಡ್ಡೆಯ ಬಾಯಲ್ಲಿ ಸುತ್ತಲೂ ಗೀರು ಗೀರಾಗಿ, ಅರಳಿದ ಹೂವಿನ ಆಕಾರ ಉಳಿಯುತ್ತದೆ. ಎರಡು ಗಿಡಗಳು ಹಟ ಹಿಡಿದು ಒಂದೇ ಕಡೆ ಬೆಳೆದ ಗುರುತು ಅದು.

ಬಿದ್ದ ಕಟ್ಟಿಗೆಯಿಂದ ರೂಪ ತೆಗೆಯುವುದು ಹೊಸದೇನಲ್ಲ. ಚಿತ್ರಕಾರ ಅವನೀಂದ್ರನಾಥ ಠಾಕೂರರು ಬಾಳಿನ ಕೊನೆಯ ವರ್ಷಗಳಲ್ಲಿ ಒಣ ರೆಂಬೆ, ಬೇರು, ಕಾಯಿಗಳನ್ನು ಹೆಕ್ಕಿ, ಬೇಕಾದಷ್ಟೇ ಕತ್ತರಿಸಿ ಜೋಡಿಸಿ ಹಕ್ಕಿ, ಪ್ರಾಣಿ, ಮನುಷ್ಯರನ್ನು ಮಾಡುತ್ತಿದ್ದರು. ಅವನ್ನು ಕಾಟುಮ್ ಕುಟುಮ್ ಎಂದು ಕರೆದರು. ಅದೇ ಅವನೀಂದ್ರರ ಹತ್ತಿರ ಕಲ್ಕತ್ತೆಯಲ್ಲಿ ಕಲಿತು ಬಂದವರು ನಮ್ಮ ಕೆ. ವೆಂಕಟಪ್ಪ (1886–1965). ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋದಾಗಲೆಲ್ಲ, ಗುರುವಿನ ಕಡ್ಡಿಗೊಂಬೆಗಳ ಮಗ್ಗುಲಿಗೆ ಶಿಷ್ಯನ ಕಟ್ಟುನಿಟ್ಟಿನ ಗೆರೆಗಳನ್ನು ಮನಸ್ಸಿನಲ್ಲಿಟ್ಟು ನೋಡುತ್ತೇನೆ. ವೆಂಕಟಪ್ಪನವರ ಕೈಯಲ್ಲಿ ಒಂದು ಎಳೆಯೂ ತನ್ನಿಷ್ಟಕ್ಕೆ ಹೋಗುವುದಿಲ್ಲ. ಅವನೀಂದ್ರರು ಕೊನೆಗಾಲದಲ್ಲಿ ಕಡ್ಡಿ ಹೇಳಿದ ಕಡೆಗೆ ತಾವೇ ಹೋದರು. ನನ್ನ ಮನಸ್ಸು ಗುರುವಿನ ಕಡೆಗೆ.

ಲಾಲ್‌ಬಾಗಿನಲ್ಲಿ ಉರುಳಿದ ಮರಗಳ ಬೊಡ್ಡೆಗಳನ್ನು ಕೆತ್ತಿ ಶಿಲ್ಪಗಳನ್ನಾಗಿ ಮಾಡಿದ್ದಾರೆ. ಬಿದ್ದ ಮರವನ್ನು ಸೌದೆಗೆ ಬಿಡದೆ ಉಳಿಸಿದ ಕಾರಣಕ್ಕೆ ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೂ ಬೊಡ್ಡೆಯ ಮೇಲೆ ಮುಖವೋ ಮೃಗವೋ ಮೂಡಿದ ಕೂಡಲೇ ಮರದ ಸ್ವಂತ ಚರಿತ್ರೆ ಚಕ್ಕೆಯಾಗಿ ಕೆಳಗೆ ಬಿದ್ದುಹೋಗುತ್ತದೆಯಲ್ಲ ಎಂದು ಸಂಕಟವಾಗುತ್ತದೆ. ಅದೇ ತೋಟದಲ್ಲಿ ತಮಿಳುನಾಡಿನ ತಿರುವಕ್ಕರೈಯಿಂದ ತಂದ ಶಿಲೆಯಾದ ಮರವೂ ಇದೆ, ಸುಮಾರು 2 ಕೋಟಿ ವರ್ಷ ಹಳೆಯದು. ಅದನ್ನು ಯಾರೂ ಕೆತ್ತಿಲ್ಲ. ಬಿದ್ದ ಮರ ಹೇಗೆ ಬಿದ್ದಿತ್ತೋ ಹಾಗೇ ಕಲ್ಲಾಗಿ ನಮ್ಮೆದುರಿಗಿದೆ. ಜನ ನಿಂತು ನೋಡುತ್ತಾರೆ, ಮಕ್ಕಳು ಮರವಾ ಕಲ್ಲಾ ಎಂದು ಕೇಳುತ್ತಾರೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಇಕೆಬಾನ ಜೋಡಣೆಗಳನ್ನೂ ನೋಡಿರುತ್ತಾರೆ. ಅಗಲ ಬಟ್ಟಲಲ್ಲಿ ಒಂದು ಬೋಳು ರೆಂಬೆ, ಅದರ ಕಾಲಬುಡದಲ್ಲಿ ಎರಡು ಹೂವು. ಹೂವಿಗಿಂತ ಕಣ್ಣು ಮೊದಲು ಹೋಗುವುದು ರೆಂಬೆಗೆ. ಇಂಗ್ಲೆಂಡಿನ ಬಿಡಲ್ಫ್ ಗ್ರೇಂಜ್ ತೋಟದಲ್ಲಿ 1856ರಲ್ಲೇ ಕಿತ್ತ ಮರಗಳ ಬುಡಗಳನ್ನು ಬೇರು ಮೇಲಾಗಿ ಒಟ್ಟಿ, ಸಂದಿಗಳಲ್ಲಿ ಜರೀಗಿಡ ಬೆಳೆಸಿ ಒಂದು ಬೊಡ್ಡೆದೋಟ ಮಾಡಿದ್ದರು. ಅಲ್ಲಿಯ ಚಳಿಗೆ ಅದು ಸರಿ. ಇಲ್ಲಿ ಹಾಗೆ ಒಟ್ಟಿದರೆ ಗೆದ್ದಲಿಗೆ ಔತಣ.

ಗೆದ್ದಲಿನ ವಿಚಾರದಲ್ಲಿ ನಮ್ಮ ಮಾಲಿ ಹೇಳಿದ್ದೇ ಕೊನೆಯ ಮಾತು. ಕೋಲಾರದ ಕಡೆಯ ಹಿರಿಯರು. ಕೊಂಬೆ ತಂದಿಟ್ಟ ದಿನ ಸುತ್ತ ಒಂದು ಸುತ್ತು ಬಂದು, “ಒಲೆಗೇನಮ್ಮಾ ಇದು?” ಎಂದು ಕೇಳಿದರು. ನಿಲ್ಲಿಸುವುದಕ್ಕೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮಣ್ಣಲ್ಲಿ ಹೂಳಬ್ಯಾಡಿ. ಎರಡು ಮಳೆಗಾಲಕ್ಕೆ ಬುಡ ತಿಂದು ಮಲಗಿಸ್ತವೆ. ಕಲ್ಲಿನ ಮೇಲೆ ನಿಲ್ಲಿಸಿ” ಎಂದರು. ಬೇಲಿಗೆಂದು ಹಿಂದೆ ಯಾವಾಗಲೋ ತಂದು ಉಳಿದಿದ್ದ ಕಲ್ಲುಕೂಚದ ತುಂಡೊಂದನ್ನು ಅವರೇ ಎಳೆದು ತಂದರು. ಕಲ್ಲಿನಲ್ಲಿ ತೂತು ಕೊರೆಸಿ, ಕಬ್ಬಿಣದ ಸರಳು ನೆಟ್ಟು, ಕೊಂಬೆಯ ಬುಡಕ್ಕೂ ಅಷ್ಟೇ ಆಳದ ತೂತು ಕೊರೆದು ಕೂರಿಸಿದೆವು. ಕಲ್ಲಿಗೂ ಬುಡಕ್ಕೂ ನಡುವೆ ಬೆರಳಷ್ಟು ಅಂತರ ಬಿಟ್ಟೆವು, ಮಳೆ ನೀರು ನಿಲ್ಲದೆ ಗಾಳಿಯಾಡಲಿ ಎಂದು. ಯಾವ ಮಗ್ಗುಲು ಮುಂದಕ್ಕೆ ಬರಬೇಕೆಂಬುದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು. ಅವರು ಹಿಡಿದು ತಿರುಗಿಸುವುದು, ನಾನು ಗೇಟಿನಿಂದ, ಅಡುಗೆಮನೆ ಕಿಟಕಿಯಿಂದ, ಜಗುಲಿಯಿಂದ ನೋಡುವುದು. “ಆ ಗಂಟು ಒಳಗಡೆಗೆ ತಿರುಗಿಸಿದ್ರೆ ಕಾಣಲ್ಲಮ್ಮಾ” ಎಂದರು. ಗಂಟು ಕಾಣಲೇಬೇಕು ಎಂದೆ. ಗಂಟು ಮುಂದಕ್ಕೆ ಬಂತು.

ಇಂಥ ಕೊಂಬೆ ತಂದವರಿಗೆ ಒಂದೆರಡು ಕೆಲಸದ ಮಾತು. ತಂದ ಕೂಡಲೇ ಬಿಸಿಲಿಗೆ ಒಡ್ಡಬೇಡಿ, ಸೀಳು ಬಿಡುತ್ತದೆ. ನೆರಳಿನಲ್ಲಿ ಒಂದು ಬೇಸಿಗೆ ಒರಗಿಸಿಟ್ಟರೆ ನಿಧಾನವಾಗಿ ಆರುತ್ತದೆ, ತೊಗಟೆ ಬಿಡಬೇಕಾದ ಕಡೆ ತಾನೇ ಬಿಡುತ್ತದೆ. ಚಾಕು ಹಾಕಿ ಸುಲಿಯುವ ಅಗತ್ಯ ಬೀಳುವುದಿಲ್ಲ. ಪೊಟರೆ ಇದ್ದರೆ ಅದರಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಡೆಂಗಿ ಸೊಳ್ಳೆಗೆ ಒಂದು ಲೋಟ ನೀರು ಬೇಕಾದಷ್ಟಾಯಿತು. ಪೊಟರೆಯ ತಳಕ್ಕೆ ಓರೆಯಾಗಿ ತೂತು ಕೊರೆದು, ತೆಂಗಿನ ನಾರು, ಎಲೆಗೊಬ್ಬರ ತುಂಬಿ ಜರೀಗಿಡ ಕೂರಿಸಿದರೆ ಅದಕ್ಕಿಂತ ಒಳ್ಳೆಯ ಕುಂಡವಿಲ್ಲ. ಮಲೆನಾಡಿನ ನೆಂಟರಿದ್ದವರು ಸೀತಾಳೆ ದಂಡೆಯ ಗಿಡವನ್ನು ನಾರಿನಿಂದ ಕವಲಿಗೆ ಕಟ್ಟಿ ನೋಡಬಹುದು, ಮರದ ಮೇಲೆಯೇ ಬೆಳೆಯುವ ಆರ್ಕಿಡ್ ಅದು. “ಗೇರೆಣ್ಣೆ ಹಚ್ಚು, ಹುಳ ಬರಲ್ಲ” ಎಂದು ಕರಾವಳಿಯ ಸ್ನೇಹಿತೆ ಹೇಳಿದಳು. ಅವಳ ಮಾತು ಸರಿ, ಕಟ್ಟಿಗೆ ಕಾಪಾಡಲು ಅದು ಒಳ್ಳೆಯದೇ. ನನಗೆ ಮಾತ್ರ ಹುಳ ಬರಬೇಕಾಗಿತ್ತು.

ಬಂದವು. ಮೊದಲು ಬಂದದ್ದು ಮಳೆಗಾಲದ ಅಣಬೆ. ಸೀಳಿನ ಗುಂಟ ಬೆರಳ ತುದಿಯಷ್ಟಗಲದ, ರೋಮ ರೋಮದ ಬಿಳಿ ಬೀಸಣಿಗೆಗಳು ಸಾಲಾಗಿ ಎದ್ದವು. ಅವುಗಳ ತಳಭಾಗದ ಪದರಗಳು ಉದ್ದಕ್ಕೆ ಸೀಳಿಕೊಂಡಿರುತ್ತವೆ. ಬಿಸಿಲು ಬಂದರೆ ಆ ಸೀಳುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ಬಾಯಿ ಮುಚ್ಚುತ್ತವೆ, ಮತ್ತೆ ಮಳೆ ಬಿದ್ದರೆ ಬಿಚ್ಚಿಕೊಳ್ಳುತ್ತವೆ. ಒಣಗಿ ಸತ್ತಿತು ಎಂದುಕೊಂಡದ್ದು ಒಂದು ಜಡಿಮಳೆಗೆ ಎದ್ದು ಕೂರುವುದನ್ನು ನೋಡಿದ ಮೇಲೆ ನನಗೆ ಒಣ ಕೊಂಬೆಯನ್ನು ಸತ್ತದ್ದು ಎನ್ನಲು ಬಾಯಿ ಬರುವುದಿಲ್ಲ. ಬೇಸಿಗೆಯಲ್ಲಿ ದೊಡ್ಡ ಕಪ್ಪು ದುಂಬಿ ಬಂತು, ನೇರಳೆ ಮಿಂಚಿನ ರೆಕ್ಕೆಯದು. ಬಲ ತೋಳಿನ ಅಡಿಯಲ್ಲಿ ಕೈವಾರದಿಂದ ಎಳೆದಷ್ಟು ದುಂಡಗೆ ತೂತು ಕೊರೆಯಿತು. ಕೆಳಗೆ ಕಲ್ಲಿನ ಮೇಲೆ ನುಣ್ಣನೆ ಹೊಟ್ಟು ಬೀಳುತ್ತಿತ್ತು. ಒಳಗೆ ಅದು ಹೊಟ್ಟಿನಿಂದಲೇ ಅಡ್ಡಗೋಡೆ ಕಟ್ಟಿ ಕೋಣೆ ಕೋಣೆ ಮಾಡಿ, ಕೋಣೆಗೊಂದು ಪರಾಗದ ಉಂಡೆ, ಉಂಡೆಗೊಂದು ಮೊಟ್ಟೆ ಇಡುತ್ತದೆ. ಏಪ್ರಿಲಿನಲ್ಲಿ ಬೀದಿಯ ಕಕ್ಕೆಮರ ಹಳದಿಯಾದಾಗ ಹೂವನ್ನು ಹಿಡಿದು ಝೇಂಕರಿಸಿ ಪರಾಗ ಉದುರಿಸುವುದು ಈ ಜಾತಿಯ ದುಂಬಿಗಳೇ. ಒಣ ಕಟ್ಟಿಗೆಯನ್ನೆಲ್ಲ ಚೊಕ್ಕಟವಾಗಿ ಸಾಗಿಸಿಬಿಟ್ಟ ಬೀದಿಯಲ್ಲಿ ಅವು ಮನೆ ಮಾಡುವುದೆಲ್ಲಿ? ಸಣ್ಣ ಕುಟುರ ಹಕ್ಕಿಯದೂ ಅದೇ ಪಾಡು. ಟುಕ್ ಟುಕ್ ಎಂದು ಮಧ್ಯಾಹ್ನವಿಡೀ ಕುಟ್ಟುವ ಆ ಹಕ್ಕಿ ಗೂಡು ಕೊರೆಯುವುದು ಒಣಗಿದ ಕೊಂಬೆಯ ಅಡಿಭಾಗದಲ್ಲಿ. ನಮ್ಮ ಕವಲು ಅದಕ್ಕೆ ತೀರಾ ತಗ್ಗು, ಕೂತು ನೋಡಿ ಹೋಗುತ್ತದೆ ಅಷ್ಟೆ. ಓತಿಕ್ಯಾತ ಮಾತ್ರ ಎಡ ತೋಳಿನ ತುದಿಯನ್ನು ತನ್ನದೇ ಎಂದು ತೀರ್ಮಾನಿಸಿದೆ.

ಎದುರುಮನೆಯ ಅಜ್ಜಿಗೆ ಮೊದಮೊದಲು ಇದು ಸರಿಬರಲಿಲ್ಲ. ಹಲಸೂರಿನಲ್ಲಿ ಹುಟ್ಟಿ ಬೆಳೆದು ಮದುವೆಯಾಗಿ ಇತ್ತ ಬಂದವರು, ಕಂಡದ್ದನ್ನು ಕಂಡ ಹಾಗೆ ಹೇಳುವವರು. “ಒಣಗಿದ ಮರ ಬಾಗಿಲ ಮುಂದೆ ನಿಲ್ಲಿಸಬಾರದು ಕಣಮ್ಮ, ಮನೆಗೆ ಒಳ್ಳೇದಲ್ಲ” ಎಂದರು. “ಬಾಗಿಲಿಗೆ ನೇರ ಇಲ್ಲ ಅಜ್ಜಿ, ಮೂಲೇಲಿದೆ” ಎಂದೆ. ಗೇಟಿನ ಹತ್ತಿರ ಬಂದು ಅಳೆದು ನೋಡಿದರು. “ಮೂಲೇಲಿದ್ರೂ ಒಂದು ಹಸಿರು ಹಬ್ಬಿಸು” ಎಂದು ಹೇಳಿ, ತಮ್ಮ ಹಿತ್ತಿಲಿನ ವೀಳ್ಯದೆಲೆ ಬಳ್ಳಿಯ ತುಂಡು ತಂದುಕೊಟ್ಟರು. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಒಣಗಿದ್ದರ ಪಕ್ಕ ಹಸಿರಿರಬೇಕೆಂಬ ಆಸೆ ತೋಟದ ಕಣ್ಣಿಗೂ ಸರಿಯಾದದ್ದೇ. ಬಳ್ಳಿ ಈಗ ಕವಲಿನವರೆಗೆ ಹತ್ತಿದೆ. ಅಲ್ಲಿಂದ ಮುಂದೆ ಹೋಗದಂತೆ ಚಿವುಟುತ್ತಿರುತ್ತೇನೆ, ಎರಡು ತೋಳು ಬೋಳಾಗಿಯೇ ಕಾಣಬೇಕು. ಚಿವುಟಿದ ಎಲೆ ಅಜ್ಜಿಯ ತಟ್ಟೆಗೆ ಹೋಗುತ್ತದೆ.

ಇದು ಎಷ್ಟು ವರ್ಷ ಇರುತ್ತದೆ ಎಂದು ಎಲ್ಲರೂ ಕೇಳುವ ಪ್ರಶ್ನೆ. ಮಳೆಮರದ ಕೆಚ್ಚು ಕಂದುಬಣ್ಣದ್ದು, ಸಾಕಷ್ಟು ಗಟ್ಟಿ. ಅದರ ಸುತ್ತಲಿನ ತೆಳುಬಣ್ಣದ ಕಟ್ಟಿಗೆ ಮೊದಲು ಹೋಗುತ್ತದೆ. ಈಗಾಗಲೇ ಬುಡದ ಅಂಚು ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತಿದೆ. ಹೀಗೆ ಹೊರಗಿನದು ಉದುರುತ್ತ ಹೋದಂತೆ ಒಳಗಿನ ಕೆಚ್ಚಿನ ಆಕಾರ ಹೊರಬರುತ್ತದೆ, ಮತ್ತು ಅದು ನಾವು ನಿಲ್ಲಿಸಿದ ಕೊಂಬೆಗಿಂತ ತೆಳ್ಳಗೆ, ಇನ್ನಷ್ಟು ತಿರುಚಿಕೊಂಡಂತೆ ಇರುತ್ತದೆ. ಒಂದೇ ಕೊಂಬೆಯಲ್ಲಿ ಎರಡನೆಯ ಶಿಲ್ಪ ಕಾದಿರುವುದು ಕಂಚಿನಲ್ಲಿ, ಕಲ್ಲಿನಲ್ಲಿ ಇಲ್ಲದ ಭಾಗ್ಯ. ಅದೂ ಬಿದ್ದ ದಿನ ಮಲ್ಲಿಗೆ ಪಾತಿಗೆ ಗೊಬ್ಬರ.

ತರುವ ಮುಂಚೆ ಕೇಳಬೇಕಾದವರನ್ನು ಕೇಳಬೇಕು. ನಿಂತ ಮರದ ಮೇಲೆ ಕೈಮಾಡಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಅಧಿಕಾರಿಯ ಒಪ್ಪಿಗೆ ಬೇಕು. ಚೆಂದದ ಕವಲು ಕಂಡಿತೆಂದು ಬದುಕಿರುವ ಮರವನ್ನು ಸವರಿಸುವ ಯೋಚನೆ ಯಾರಿಗೂ ಬರಬಾರದು. ಬಿದ್ದದ್ದರಲ್ಲೂ ಮೊದಲ ಹಕ್ಕು ನನ್ನದಲ್ಲ. ಬೀದಿ ಗುಡಿಸುವ ಹೆಂಗಸರು ಪುಳ್ಳೆ, ಸಣ್ಣ ರೆಂಬೆಗಳನ್ನು ಹೊರೆ ಕಟ್ಟಿ ಒಯ್ಯುತ್ತಾರೆ, ನೀರೊಲೆಗೆ ಅದು ಬೇಕು. ಅವರ ಹೊರೆಯಿಂದ ಒಂದು ಕಡ್ಡಿಯನ್ನೂ ಅಲಂಕಾರಕ್ಕೆಂದು ಎಳೆಯಲಾಗದು. ನನಗೆ ಬೇಕಾದದ್ದು ಅವರ ಒಲೆಗೆ ಹೊಂದದ ಭಾಗ. ಡೊಂಕಿನದು, ಗಂಟಿನದು, ಗಾಡಿಯಲ್ಲಿ ಅಡುಕಲಾಗದೆ ಗರಗಸದವರು ಬೈಯುತ್ತ ಮೂರು ಸಲ ಕೊಯ್ಯುವ ಭಾಗ.

ಮೆಟ್ರೊ ಹಾದಿಗೆಂದು ಕಡಿದ ಸಿಎಂಎಚ್ ರಸ್ತೆಯ ಸಾಲುಮರಗಳ ಒಂದು ಕೊಂಬೆಯೂ ನನ್ನ ಕಣ್ಣಿಗೆ ಮತ್ತೆ ಬಿದ್ದಿಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡುವ ಎಷ್ಟೋ ಮುಂಚೆ ಅವು ಹೋದವು. ಈಗ ಮೇಲಿನ ನಿಲ್ದಾಣದಲ್ಲಿ ನಿಂತು ಕೆಳಗೆ ನೋಡಿದರೆ ಅಲ್ಲಿ ಮರಗಳಿದ್ದವೆಂದು ನಂಬಿಸಲು ನನ್ನ ಹತ್ತಿರ ಏನೂ ಇಲ್ಲ. ಒಂದೇ ಒಂದು ಕವಲನ್ನು ಯಾವುದಾದರೂ ಶಾಲೆಯ ಅಂಗಳದಲ್ಲಿ, ಉದ್ಯಾನದ ಮೂಲೆಯಲ್ಲಿ ಕಲ್ಲಿನ ಮೇಲೆ ನಿಲ್ಲಿಸಿ, ಯಾವ ರಸ್ತೆಯ ಯಾವ ಮರ ಎಂದು ಬರೆದಿಟ್ಟಿದ್ದರೆ ಮಕ್ಕಳಿಗೆ ಕೈಯಿಂದ ಮುಟ್ಟಿ ತೋರಿಸಬಹುದಿತ್ತು. ಹಲಸೂರು ಕೆರೆಯ ಸುತ್ತ, ಫ್ರೇಜರ್ ಟೌನಿನಲ್ಲಿ, ದಂಡು ರೈಲು ನಿಲ್ದಾಣದ ಹಿಂದಿನ ಕಾಲೊನಿಯಲ್ಲಿ ಹಳೆಯ ಮರಗಳು ಇನ್ನೂ ನಿಂತಿವೆ. ಅವು ನಿಂತೇ ಇರಲಿ. ಆದರೆ ಪ್ರತಿ ಬೇಸಿಗೆ ಅವುಗಳಿಂದಲೂ ಒಂದೆರಡು ಕೊಂಬೆ ಬೀಳುತ್ತವೆ, ಬೀಳುವುದನ್ನು ತಡೆಯಲಾಗದು.

ಆದ್ದರಿಂದ ಈ ಸಲದ ಭರಣಿ ಮಳೆಗೆ ನಿಮ್ಮ ಬೀದಿಯಲ್ಲಿ ಕೊಂಬೆ ಬಿದ್ದರೆ, ಬೆಳಿಗ್ಗೆ ಗರಗಸದ ಸದ್ದು ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ. ಅವರಿಗೆ ಕಾಫಿ ಕೊಟ್ಟು, ಬೇಕಾದ ಕವಲನ್ನು ಕೈಯಿಟ್ಟು ತೋರಿಸಿ. ಕವಲಿಗೆ ಸರಿಯಾಗಿ ಕೊಯ್ದರೆ ನಿಲ್ಲಿಸಲು ಬುಡವೇ ಉಳಿಯುವುದಿಲ್ಲ. ಅದರ ಕೆಳಗೆ ಎರಡಡಿ ಬಿಟ್ಟು ಕೊಯ್ಯಿರಿ ಅಣ್ಣಾ ಎಂದು ಮೊದಲೇ ಹೇಳಿಡಿ.